ತುಟಿ ಅಲ್ಲಾಡಿಸಿದ ತಪ್ಪಿಗೆ

ಚಿಕ್ಕಪ್ಪ,

ನಮಸ್ಕಾರ ಆಮೇಲೆ, ಮೊದಲು ನನ್ನ ಸಿಟ್ಟು ಕೇಳಿ. ನಮ್ಮ ಕಂಪನಿಯ ಕ್ಲೌಡ್ ಕಂಪ್ಯೂಟರುಗಳ ಕೆಲಸವನ್ನೆಲ್ಲ ಇಷ್ಟು ವರ್ಷ ಹೊತ್ತವಳು ನಾನು. ಈಗ ಸರ್ಟಿಫಿಕೇಟ್ ಇಲ್ಲದವರು ಅದನ್ನು ಮುಟ್ಟುವಂತಿಲ್ಲವಂತೆ! ಅದಕ್ಕೇ ಪರೀಕ್ಷೆ ಬರೆಯಲು ಈ ಗುರುತು ಪರಿಚಯವಿಲ್ಲದ ಊರಿಗೆ ಬಂದೆ. ಕಿಟಕಿಯಿಲ್ಲದ ಕೋಣೆ, ನೆತ್ತಿಯ ಮೇಲೆ ಕ್ಯಾಮೆರಾ. ಅರ್ಧ ಮುಗಿಸಿದ್ದೆ, ಮೇಲ್ವಿಚಾರಕಿ ಬಂದು ನಿಂತಳು.

"ತುಟಿ ಅಲ್ಲಾಡ್ತಿದೆ. ಯಾರ ಜೊತೆ ಮಾತಾಡ್ತಿದ್ದೀರಿ?"

"ಪ್ರಶ್ನೆ ಜೊತೆ. ನಾನು ಓದೋದೇ ಹೀಗೆ," ಅಂದೆ.

ನನ್ನ ಪರೀಕ್ಷೆ ಅಲ್ಲಿಗೇ ರದ್ದು. ಪಕ್ಕದವನು ಗೊರಕೆ ಹೊಡೆಯುತ್ತಿದ್ದ, ಅದಕ್ಕೆ ನಿಯಮವಿಲ್ಲವಂತೆ!

ಬಾಯಿಬಿಟ್ಟು ಓದಿದರೇ ತಲೆಗೆ ಹತ್ತೋದು ಅಂತ ಕಿವಿ ಹಿಂಡಿ ಕಲಿಸಿದವರು ನೀವು. ಆ ಓದಿನಿಂದಲೇ ಇಷ್ಟು ದಿನ ಅನ್ನ ತಿಂದಿದ್ದೇನೆ, ಬಿಡುವುದು ಹೇಗೆ? ನಾಳೆ ಮತ್ತೆ ಕೂರಬೇಕು, ಶುಲ್ಕ ನನ್ನ ಕೈಯಿಂದಲೇ. ಬಾಯಲ್ಲಿ ನೀರು ತುಂಬಿಕೊಂಡು ಕೂರುತ್ತೇನೆ. ಜಗಳವಾಡಿ ಗಂಟಲು ಕಟ್ಟಿದೆ, ಮಿಕ್ಕಂತೆ ಆರೋಗ್ಯಕ್ಕೇನೂ ಕಡಿಮೆಯಿಲ್ಲ.

ಜಾಗ ಮುಗಿಯಿತು. ಈ ಕಾರ್ಡನ್ನು ಮನಸ್ಸಿನಲ್ಲೇ ಓದಿಕೊಳ್ಳಬೇಡಿ. ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಓದಿ.

ನಿಮ್ಮ ಬಾಯಿಬಡುಕಿ