ಮಿಷನ್ನು ನಿಲ್ಲಲಿ, ಕಂದ ಮಲಗಲಿ

ಮಾರ್ಚ್ ೧೨, ಭಾನುವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ತಿಂಗಳಾಯಿತು. ಇವಳಿಗೇನು ದೊಡ್ಡರೋಗ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ನೀನು ಕೇಳಿದ್ದು ಒಂದೇ ಪ್ರಶ್ನೆ, ನನ್ನ ಹತ್ತಿರ ಬಿಟ್ಟುಹೋದ ನಿನ್ನ ಮಗಳು ಈಗಲೂ ನಿನ್ನ ಜೋಗುಳ ಕೇಳಿಯೇ ಮಲಗುತ್ತಾಳಾ ಅಂತ. ಅದಕ್ಕೇ ಕೈ ಓಡಲಿಲ್ಲ. ಮೊದಲು ಉಳಿದ ಸುದ್ದಿ ಹೇಳಿಬಿಡುತ್ತೇನೆ.

ಮುಷ್ಕರ ಮಾಡಿದೆಯೆಂದು ನಿನ್ನನ್ನು ಕೆಲಸದಿಂದ ತೆಗೆದು, ಕೇಸು ಹಾಕಿ ಊರು ಬಿಡಿಸಿದ ನಮ್ಮ ಧಣಿ ಈಗ ಮಂತ್ರಿ. ಗಾರ್ಮೆಂಟ್ಸ್ ಗೇಟಿನ ಮೇಲೆ ಎರಡಾಳೆತ್ತರದ ಅವರ ಫೋಟೋ. ಬೆಳಗ್ಗೆ ಆ ಹಲ್ಲು ನೋಡದೆ ಒಳಗೆ ಹೋಗುವಂತಿಲ್ಲ. ಸುಳ್ಳೇಕೆ ಹೇಳಲಿ, ಕರೆಂಟು ಹೋಗುವುದು ನಿಂತಿದೆ, ಹೊಸ ಶೆಡ್ಡು ಎದ್ದಿದೆ, ಹೊರದೇಶದ ಆರ್ಡರು ಬರುತ್ತಿದೆ. ಕೆಲಸವಿಲ್ಲದೆ ಗೋಡೆ ನೋಡುತ್ತಾ ಕೂತಿದ್ದ ನಿನ್ನ ಭಾವನಿಗೂ ಪಕ್ಷದ ಪ್ರಚಾರದ ವ್ಯಾನು ಓಡಿಸುವ ಕೆಲಸ ಸಿಕ್ಕಿತು. ಚುನಾವಣೆ ಮುಗಿದರೂ ವ್ಯಾನು ನಿಂತಿಲ್ಲ. ನಮ್ಮ ಒಲೆ ಉರಿಯುತ್ತಿರುವುದು ಅದರಿಂದಲೇ.

ಆ ವ್ಯಾನಿನ ಮೈಕಿನಲ್ಲಿ ಬರುವ ಹಾಡು ಯಾವುದು ಗೊತ್ತೇ? ನಿನ್ನ ಜೋಗುಳ ಕಣೇ. ಹೊಲಿಗೆ ಮಿಷನ್ನಿನ ಸದ್ದನ್ನೇ ತಾಳ ಮಾಡಿಕೊಂಡು, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೀನು ಕಟ್ಟಿದ್ದು. 'ಮಿಷನ್ನು ನಿಲ್ಲಲಿ, ಕಂದ ಮಲಗಲಿ' ಎಂದು ಮುಷ್ಕರದಲ್ಲಿ ನಾವೆಲ್ಲ ಗೇಟಿನ ಮುಂದೆ ಹಾಡಿದ್ದೆವಲ್ಲ, ಧಣಿಯ ಕಿವಿಗೂ ಬಿದ್ದಿರಬೇಕು. ಈಗ ರಾಗ ಅದೇ, ಮಾತು ಮಾತ್ರ 'ಮಿಷನ್ನು ಓಡಲಿ, ನಾಡು ಬೆಳಗಲಿ'. ದಿನಾ ಕೆಲಸ ಶುರುವಾಗುವ ಮುಂಚೆ ಎದ್ದು ನಿಂತು ಹಾಡಬೇಕು. ಬಾಯಿ ಅಲ್ಲಾಡದವರ ಮೇಲೆ ಸೂಪರ್‌ವೈಸರ್ ಕಣ್ಣಿಟ್ಟಿರುತ್ತಾನೆ. ಹೊಸ ಕಲಾಭವನದ ಉದ್ಘಾಟನೆಯಲ್ಲಂತೂ ಇದು ನಮ್ಮ ಪ್ರಾಚೀನ ಜನಪದ ಗೀತೆ ಎಂದರು. ನಿನಗಿನ್ನೂ ಮೂವತ್ತೆರಡು ತುಂಬಿಲ್ಲ, ಆಗಲೇ ಪ್ರಾಚೀನಳಾಗಿಬಿಟ್ಟೆ! ಊಟಕ್ಕೆ ಕೂತಾಗ ಇದನ್ನು ನೆನೆದು ನಕ್ಕೆ. ಆಮೇಲೆ ಡಬ್ಬಿ ಮುಚ್ಚಿ ಎದ್ದೆ.

ನಿನ್ನ ಭಾವನ ಜೊತೆ ಜಗಳವಾಡಿದೆ. ತಂಗಿಯ ಹಾಡನ್ನು ಬೀದಿಬೀದಿ ಹೊತ್ತು ತಿರುಗಲು ನಾಚಿಕೆಯಾಗುವುದಿಲ್ಲವೇ ಎಂದೆ. "ನಾಚಿಕೆ ಪಟ್ಕೊಂಡ್ರೆ ಮಗೂಗೆ ಹಾಲು ಬರುತ್ತೇನೇ?" ಎಂದರು. ನಾನೂ ದಿನಾ ಎದ್ದು ನಿಂತು ಹಾಡುವವಳೇ ತಾನೆ.

ನಿನ್ನ ಚಿನಕುರುಳಿಗೆ ಏಳು ತುಂಬಿತು. ಅಡಿಯಿಂದ ಮುಡಿಯವರೆಗೆ ನಿನ್ನದೇ ಅಚ್ಚು. ಧಣಿಯ ಟ್ರಸ್ಟಿನ ಶಾಲೆ, ಫೀಸಿಲ್ಲ. ರಜೆಯಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀಯ. ಈಗಲೇ ಬರಬೇಡ, ಕೇಸು ಇನ್ನೂ ಹಾಗೇ ಇದೆ. ಹೊತ್ತು ಹೊತ್ತಿಗೆ ಉಣ್ಣು. ನಿನಗೆ ಒಳ್ಳೆಯದಾಗಲಿ, ನನ್ನ ಕೂಸೇ.

ನಿನ್ನ ಅಕ್ಕ

ಮರೆತ ವಿಷಯ: ನಿನ್ನ ಪ್ರಶ್ನೆಯನ್ನು ಮರೆತಿಲ್ಲ. ಕೇಸಾದ ಮೇಲೆ ಹೆದರಿ, ಹಾಡಿನ ಮಾತು ಬಿಟ್ಟು ಬರೀ ರಾಗ ಗುನುಗಿ ಅವಳನ್ನು ಮಲಗಿಸುತ್ತಿದ್ದೆ. ಹೋದ ತಿಂಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಆ ಹೊಸ ಹಾಡು ಹಾಡಿ, ಧಣಿಯ ಕೈಯಿಂದಲೇ ಬಹುಮಾನ ತೆಗೆದುಕೊಂಡಳು. ಅವತ್ತು ರಾತ್ರಿ ತಡೆಯಲಾಗಲಿಲ್ಲ. ಇದು ನಿನ್ನಮ್ಮ ನಿನಗೋಸ್ಕರವೇ ಕಟ್ಟಿದ್ದು ಎಂದು ಹೇಳಿ ನಿನ್ನ ಮಾತುಗಳಲ್ಲೇ ಹಾಡಿದೆ. ಅವಳು ಎದ್ದುಹೋಗಿ ಕಿಟಕಿ ಮುಚ್ಚಿ ಬಂದು, ನನ್ನ ಬಾಯಿಯ ಮೇಲೆ ಕೈಯಿಟ್ಟಳು.

"ದೊಡ್ಡಮ್ಮ, ಇದನ್ನ ಯಾರಿಗೂ ಹೇಳ್ಬೇಡ. ಅಮ್ಮ ಹಾಡಿದ್ದು ತಪ್ಪು ಹಾಡು."

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತಿನಿಂದ ಜೋಗುಳ ಕೇಳಿಲ್ಲ.