ಸೊನ್ನೆಯಾದ ಕೊಬ್ಬರಿ ದರ

ಮಂಗಳವಾರ, ನವೆಂಬರ್ 18

ನಾನು ಮಾಡಿಕೊಟ್ಟ ಮಂಡಿಯ ವೆಬ್‌ಸೈಟಿನಲ್ಲಿ ಇವತ್ತು ಕೊಬ್ಬರಿ ದರ ಸೊನ್ನೆ ಎಂದು ಬಂತು. ದರ ಕಳಿಸುವ ಸರ್ವರ್ ಕೈಕೊಟ್ಟಿತ್ತು. ನನ್ನ ಕೋಡ್ ಆ ತಪ್ಪನ್ನು ಹಿಡಿದು, ಯಾರಿಗೂ ಹೇಳದೆ ನುಂಗಿಬಿಟ್ಟಿತ್ತು.

"ಏನ್ರೀ ಮೇಡಂ, ಕೊಬ್ಬರಿ ಪುಕ್ಕಟೆ ಹಂಚ್ಬೇಕಾ?" ಎಂದು ಮಂಡಿಯ ಇಂದ್ರೇಶಣ್ಣ ನಕ್ಕರು.

ನೋಡುವವರಿಗೆ 'ಇಂದಿನ ದರ ಸಿಕ್ಕಿಲ್ಲ' ಎನ್ನಬೇಕು, ಪೂರ್ತಿ ಕಾರಣ ನಾನು ನೋಡುವ ಲಾಗ್ ಕಡತದಲ್ಲಿ ಬರೆದಿಡಬೇಕು. ಹಾಗೇ ಸರಿಮಾಡಿದೆ.

ಈ ಕೆಲಸಕ್ಕೆಂದೇ ಮಗಳು ಸಿರಿಯನ್ನು ಊರು ಕಣಕಟ್ಟೆಯಲ್ಲಿ ಅಮ್ಮನ ಹತ್ತಿರ ಬಿಟ್ಟಿದ್ದೇನೆ. "ಮಗು ಚೆನ್ನಾಗೈತೆ ಕಣೇ, ನೀನು ಕೆಲ್ಸ ನೋಡ್ಕೋ" ಎಂದಳು ಸಂಜೆ ಫೋನಿನಲ್ಲಿ. ಅವಳ ದನಿಯ ಹಿಂದೆ ಸಿರಿ ಅಳುವುದು ಕೇಳುತ್ತಿತ್ತು. ನಿನ್ನೆಯೂ ಅದೇ ಮಾತು, ಅದೇ ಅಳು. ಮಗುವಿಗೆ ಜ್ವರ ಬಂದರೂ ಅಮ್ಮ ನುಂಗಿಕೊಂಡು ಚೆನ್ನಾಗೈತೆ ಎನ್ನುವವಳು.

ದಿಂಬಿನಲ್ಲಿ ಸಿರಿಯ ನೆತ್ತಿಯ ಹರಳೆಣ್ಣೆ ವಾಸನೆ ಇನ್ನೂ ಇದೆ. ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ. ಎತ್ತಿಕೊಂಡು, ಹಣೆ ಮುಟ್ಟಿ ನೋಡುವವರೆಗೆ ನನಗೆ ಸಮಾಧಾನವಿಲ್ಲ.