ಗಾಡಿ ಬಿಟ್ಟರೆ ಬರುತ್ತೇನೆ

ಬ್ನೇದ್ ಅಲ್ ಗಾರ್, ಕುವೈತ್
18 ಜನವರಿ 1981, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಪ್ರಭಾಳ ನಮಸ್ಕಾರಗಳು. ನಮಸ್ಕಾರದ ಬೆನ್ನಿಗೇ ಒಂದು ದೊಡ್ಡ ಅಪ್ಪುಗೆಯನ್ನೂ ಕಳಿಸುತ್ತಿದ್ದೇನೆ. ಸೊಸೆ ಅತ್ತೆಗೆ ಅಪ್ಪುಗೆ ಕಳಿಸುವ ಪದ್ಧತಿ ತಿಪಟೂರಿನಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಕಳಿಸಿಯಾಯಿತು, ದಯವಿಟ್ಟು ವಾಪಸ್ ಮಾಡಬೇಡಿ!

ನನ್ನದು ಕಾನ್ವೆಂಟ್ ಕನ್ನಡ. ಅಕ್ಷರಗಳಿಗೆ ಎಲ್ಲಿ ಹೊಟ್ಟೆ ಸೀಳಬೇಕೋ ಅಲ್ಲಿ ಸೀಳುವುದಿಲ್ಲ, ಬೇಡದ ಕಡೆ ಸೀಳಿಬಿಡುತ್ತೇನೆ. ಅಂಥ ತಪ್ಪುಗಳಿಗೆಲ್ಲ ಧಾರಾಳವಾಗಿ ನಕ್ಕುಬಿಡಿ. ಆದರೆ ಒಂದು ತಪ್ಪನ್ನು ಮಾತ್ರ ನಾನೇ ತಿದ್ದಬೇಕಾಗಿದೆ. ಹೋದ ಬುಧವಾರ ಟ್ರಂಕ್ ಕಾಲಿನಲ್ಲಿ ನಿಮಗೆ ಒಂದು ಮಾತು ಕೊಟ್ಟೆನಲ್ಲ, ಅದು ನಾನು ಕೊಡಬೇಕೆಂದುಕೊಂಡಿದ್ದ ಮಾತೇ ಅಲ್ಲ. ಅದನ್ನು ನಂಬಿ ನೀವು ಆಗಲೇ ವೀಸಾಕ್ಕೆ ಫೋಟೋ ತೆಗೆಸಿಕೊಂಡಿರುತ್ತೀರಿ. ನಿಜ ತಿಳಿದ ಮೇಲೂ ನೀವು ಬರುತ್ತೀರಾ ಇಲ್ಲವಾ ಎಂಬ ಯೋಚನೆಯಲ್ಲಿ ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ನೀರು ಕುಡಿಕುಡಿದು ಉಂಡರು, ಪಾಪ.

ನೇರವಾಗಿ ವಿಷಯಕ್ಕೆ ಬರಲು ಧೈರ್ಯ ಸಾಲುತ್ತಿಲ್ಲ. ಮೊದಲು ಈ ಮಾತಿಗೆಲ್ಲ ಕಾರಣವಾದ ಗಾಡಿ ಎಂಥದ್ದೆಂದು ಹೇಳುತ್ತೇನೆ.

ಅಕ್ಟೋಬರಿನಲ್ಲಿ ನಾನು ವಿಮಾನ ಇಳಿದು ಬಂದಾಗ, ಕಂಪನಿಯ ಇಂಜಿನಿಯರು ಕಾರಿನಲ್ಲಿ ಕರೆದೊಯ್ಯುತ್ತಾರೆಂದು ಕಾದಿದ್ದೆ. ನಿಮ್ಮ ಮಗ ತಂದಿದ್ದು ಬಣ್ಣ ಮಾಸಿದ ಒಂದು ನೀಲಿ ಪಿಕಪ್! ನನಗಿಂತ ಎರಡು ವರ್ಷ ಚಿಕ್ಕದಂತೆ, ನೋಡಿದರೆ ನನ್ನ ಅಜ್ಜಿಯ ವಾರಗೆಯದು. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಬಲಗಡೆಯದು ಹೊರಗಿನಿಂದ ತೆರೆಯುವುದಿಲ್ಲ. ನನ್ನ ರೇಷ್ಮೆ ಸೀರೆಯನ್ನೂ ನನ್ನನ್ನೂ ಹೇಗೋ ಒಳಗೆ ತುಂಬಿಸಿದರು. ದಾರಿಯಲ್ಲಿ ಅದು ನಿಂತುಹೋಯಿತು. ಇವರು ಬಾನೆಟ್ ಎತ್ತಿ, "ಪೆಟ್ರೋಲ್ ಪಂಪಿಗೆ ಜ್ವರ ಬಂದಿದೆ ಪ್ರಭಾ, ಒದ್ದೆ ಬಟ್ಟೆ ಏನಾದ್ರೂ ಇದ್ಯಾ?" ಎಂದರು. ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ನಾನು ರಸ್ತೆಯ ಎರಡೂ ಕಡೆ ಹುಡುಕಿದೆ. ಆಮೇಲೆ ತಿಳಿಯಿತು, ಇಂಜಿನ್ನಿನ ಪಕ್ಕದಲ್ಲೇ ಮುಷ್ಟಿಯಷ್ಟು ದೊಡ್ಡ ಪಂಪೊಂದು ಇರುತ್ತದೆ, ಸೆಖೆಗೆ ಅದು ಕಾದುಹೋಗುತ್ತದೆ. ಅಮ್ಮ ಕಸೂತಿ ಹಾಕಿ ಕೊಟ್ಟಿದ್ದ ಕರ್ಚೀಫನ್ನು ನೀರಿನಲ್ಲಿ ಅದ್ದಿ ಅದರ ಹಣೆಗೆ ಪಟ್ಟಿ ಹಾಕಿದೆವು. ಹತ್ತೇ ನಿಮಿಷ, ಕೆಮ್ಮಿಕೊಂಡು ಹೊರಟಿತು! ಇವರು ನನ್ನ ಕಡೆ ತಿರುಗಿ ನಕ್ಕರು ನೋಡಿ. ಮದುವೆಯ ಅಷ್ಟೂ ಫೋಟೋಗಳಲ್ಲಿ ಆ ನಗು ಒಂದರಲ್ಲೂ ಇಲ್ಲ.

ಪ್ರತಿ ಶುಕ್ರವಾರ ನಾವು ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುತ್ತೇವೆ. ಅಲ್ಲಿ ಮಂಗಳೂರು ಕಡೆಯ ಕಾಸಿಂ ಕುಂಞಿ ಎಂಬುವವರ ಗ್ಯಾರೇಜಿದೆ. ಅವರೂ ಇವರೂ ಸೇರಿ ಪಿಕಪ್ಪಿಗೆ ಬೇಕಾದ ಭಾಗಗಳನ್ನು ಗುಜರಿಯಿಂದ ಆರಿಸಿ ತರುತ್ತಾರೆ. ಊರಿಗೆ ಹೊರಟ ಇಂಗ್ಲಿಷಿನವರೊಬ್ಬರು ಬಿಟ್ಟುಹೋದ ಕ್ಯಾರವಾನ್ ಒಂದೂ ಅಲ್ಲೇ ಇತ್ತು. ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಮನೆ, ಅತ್ತೆ. ಹಾಸಿಗೆ, ಒಲೆ, ಪರದೆ ಹಾಕಿದ ಕಿಟಕಿ ಎಲ್ಲ ಉಂಟು, ಇಂಜಿನ್ ಒಂದಿಲ್ಲ. ಪಿಕಪ್ಪಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಚಳಿಗಾಲ ಬಂದರೆ ಇಲ್ಲಿಯವರೆಲ್ಲ ಮರುಭೂಮಿಯಲ್ಲಿ ಡೇರೆ ಹಾಕುತ್ತಾರೆ. ನಾವು ಮನೆಯನ್ನೇ ಎಳೆದುಕೊಂಡು ಹೋಗುತ್ತೇವೆ!

ಮೊದಲ ಸಲ ಹೊರಟಾಗ ಜಹ್ರಾ ರಸ್ತೆಯಲ್ಲಿ ಕ್ಯಾರವಾನ್ ನಾಯಿಯ ಬಾಲದ ಹಾಗೆ ಅತ್ತಿಂದಿತ್ತ ಅಲ್ಲಾಡತೊಡಗಿತು. ಇವರು ಬೆವತು ಬದಿಗೆ ನಿಲ್ಲಿಸಿದರು. ಹಿಂದಿನ ಕಾರಿನಲ್ಲಿ ಹೆಂಡತಿ ಖತೀಜಮ್ಮನ ಜೊತೆ ಬರುತ್ತಿದ್ದ ಕಾಸಿಂ ಕುಂಞಿ ಇಳಿದು ಒಳಗೆಲ್ಲ ಹುಡುಕಿದರು. ಕಟ್ಟಕಡೆಯ ಬೀರುವಿನಲ್ಲಿ ನೀವು ಕೊಟ್ಟ ರುಬ್ಬುವ ಕಲ್ಲು ಸಿಕ್ಕಿತು. ಮರುಭೂಮಿಯಲ್ಲಿ ಬಿಸಿಬಿಸಿ ದೋಸೆ ಮಾಡಿಕೊಟ್ಟು ಇವರನ್ನು ಬೆರಗುಗೊಳಿಸೋಣವೆಂದು ನಾನು ಬಚ್ಚಿಟ್ಟಿದ್ದೆ.

"ಎಂಥ ಅಕ್ಕ ಇದು! ಬಾಲಕ್ಕೆ ಕಲ್ಲು ಕಟ್ಟಿದರೆ ಆನೆ ಸಹ ನೆಟ್ಟಗೆ ನಡೆಯಲಿಕ್ಕಿಲ್ಲ ಮಾರಾಯ್ರೆ!" ಎಂದರು ಕಾಸಿಂ ಕುಂಞಿ.

ಭಾರವೆಲ್ಲ ಚಕ್ರದ ನೇರಕ್ಕೆ, ತುಸು ಮುಂದಕ್ಕೇ ಇರಬೇಕಂತೆ. ಕಲ್ಲನ್ನು ಜರುಗಿಸಿದ ಮೇಲೆ ಕ್ಯಾರವಾನ್ ಒಳ್ಳೆಯ ಮಗುವಿನಂತೆ ಹಿಂದೆ ಬಂತು. ದೋಸೆಯೂ ಆಯಿತು. ಮರಳು ಸ್ವಲ್ಪ ಬೆರೆತಿತ್ತು, ಅಷ್ಟೆ.

ಇನ್ನು ನನ್ನ ಕೆಲಸ ಕೇಳಿ. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ. ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕುಳಿತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಡಿಯ ಕೆಳಗೆ ಮಲಗಿ ತಿರುಪು ಸಡಿಲಿಸಬೇಕು. ಮೇಲೆ ಕುಳಿತವಳು ನಾನು. ಕೆಳಗಿನಿಂದ ಇವರು "ಒತ್ತು… ಹಿಡಿ… ಬಿಡು" ಎನ್ನುತ್ತಿದ್ದರು. ನಾನು ಒತ್ತಿ, ಹಿಡಿದು, ಬಿಡುತ್ತಿದ್ದೆ. ಒಮ್ಮೆ "ಬಿಡು, ಬಿಡು" ಎಂದು ಎರಡು ಸಲ ಅಂದರು. ಸಾಕು ಬಿಡು, ಮುಗಿಯಿತು ಎಂದುಕೊಂಡು ನಾನು ಇಳಿದುಹೋದೆ. ಸ್ವಲ್ಪ ಹೊತ್ತಿನ ಮೇಲೆ ಕಾಸಿಂ ಕುಂಞಿ ಓಡಿ ಬಂದರು. "ಅಕ್ಕ, ಅವರು ಅಡಿಯಲ್ಲಿ ಮಲಗಿ ಒತ್ತು ಒತ್ತು ಅಂತ ಮಂತ್ರ ಹೇಳ್ತಾ ಇದ್ದಾರೆ, ನೀವು ಇಲ್ಲಿ ಆರಾಮಲ್ಲಿ ಚಹಾ ಕುಡೀತಾ ಇದ್ದೀರಲ್ಲ!"

ನೋಡಿ, ಆಗಲೇ ನನಗೆ ಈ 'ಬಿಡು' ಎಂಬ ಪದದ ಮೇಲೆ ಅನುಮಾನ ಬರಬೇಕಿತ್ತು.

ಈಗ ಬುಧವಾರದ ಫೋನಿನ ವಿಷಯ. ನೀವು ಎದುರುಮನೆ ಡಾಕ್ಟರ ಫೋನಿನಲ್ಲಿ, ನಾನು ಇಲ್ಲಿ, ನಡುವೆ ಸಮುದ್ರದ ಅಷ್ಟೂ ಗಾಳಿ. ಯಾವಾಗ ಬರುತ್ತೀರಿ ಅತ್ತೆ ಎಂದು ನಾನು ಕಿರುಚಿದೆ. ನೀವು ಹೇಳಿದಿರಿ: "ಅವನು ಗಾಡಿ ಬಿಟ್ರೆ ಬರ್ತೀನಿ ಕಣಮ್ಮ."

ನಮ್ಮ ಮಲ್ಲೇಶ್ವರದ ಮನೆಯಲ್ಲಿ ಅಪ್ಪ ಟ್ಯಾಕ್ಸಿ ಹತ್ತಿ ಕುಳಿತು "ಬಿಡಪ್ಪಾ ಗಾಡಿ" ಎಂದರೆ ಗಾಡಿ ಹೊರಡುತ್ತದೆ. ನನಗೆ ಗೊತ್ತಿದ್ದದ್ದು ಆ 'ಬಿಡು' ಒಂದೇ. ಮಗ ತಾನೇ ವಿಮಾನ ನಿಲ್ದಾಣಕ್ಕೆ ಗಾಡಿ ಓಡಿಸಿಕೊಂಡು ಬಂದು ಕರೆದೊಯ್ದರೆ ಬರುತ್ತೇನೆ ಎಂದು ನೀವು ಅಕ್ಕರೆಯಿಂದ ಹೇಳುತ್ತಿದ್ದೀರಿ ಅಂದುಕೊಂಡೆ. ಅದಕ್ಕೇ ಅಷ್ಟು ಖುಷಿಯಿಂದ ಕೂಗಿದೆ: "ಬಿಡ್ತಾರೆ ಅತ್ತೆ! ಖಂಡಿತ ಬಿಡ್ತಾರೆ! ನಾನೇ ಬಿಡಿಸ್ತೀನಿ!"

ನೀವು ಅಳುತ್ತಾ, "ನನ್ನ ತಾಯಿ, ನೀನು ನೂರು ವರ್ಷ ಬಾಳು" ಎಂದಿರಿ. ಲೈನ್ ಕಡಿದುಹೋಯಿತು. ಒಂದು ಸವಾರಿಗೆ ಇಷ್ಟೊಂದು ಕಣ್ಣೀರೇ, ಎಂಥ ಮೃದು ಮನಸ್ಸು ನಮ್ಮತ್ತೆಯದು ಎಂದು ನನಗೂ ಅಳು ಬಂತು.

ಸಂಜೆ ಇವರು ಬಂದ ಕೂಡಲೇ ಬಾಗಿಲಲ್ಲೇ ಎಲ್ಲ ಹೇಳಿದೆ. ಇವರು ಶೂ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ಅಮ್ಮ ಹಂಗಂದ್ಲಾ? ನೀನೇನಂದೆ?"

"ನಾನೇ ಬಿಡಿಸ್ತೀನಿ ಅಂದೆ."

ಮೊದಲು ನಕ್ಕರು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆ ನೀರು ನಿಲ್ಲಲಿಲ್ಲ, ಅತ್ತೆ.

ಮಾವನವರು ಅಪಘಾತದಲ್ಲಿ ಹೋದರು ಎಂದಷ್ಟೇ ಮದುವೆಯ ಮಾತುಕತೆಯಲ್ಲಿ ನಮಗೆ ಹೇಳಿದ್ದರು. ರಸ್ತೆಯಲ್ಲಿ ಆದದ್ದು ಅಂದುಕೊಂಡಿದ್ದೆ. ಕೊಬ್ಬರಿ ತುಂಬುವ ತಮ್ಮ ಲಾರಿಯ ಕೆಳಗೇ, ಮನೆಯ ಮುಂದೆಯೇ, ಎತ್ತಿ ನಿಲ್ಲಿಸಿದ್ದ ಜಾಕ್ ಜಾರಿ ತೀರಿಹೋದರು ಎಂಬುದು ಬುಧವಾರದವರೆಗೆ ನನಗೆ ಗೊತ್ತಿರಲಿಲ್ಲ. ಮಗ ಗಾಡಿಗಳ ಕೆಳಗೆ ಮಲಗಬಾರದೆಂದೇ ನೀವು ಅವರನ್ನು ಇಂಜಿನಿಯರಿಂಗ್ ಓದಿಸಿದಿರಿ. ಓದಿ, ಸಮುದ್ರ ದಾಟಿ ಬಂದು, ಇಲ್ಲೂ ಒಂದು ಹಳೇ ಗಾಡಿ ಹುಡುಕಿಕೊಂಡು ಅದರ ಕೆಳಗೆ ಮಲಗಿದರು. ಅದು ಗೊತ್ತಾದ ದಿನದಿಂದ ನೀವು ಇಲ್ಲಿಗೆ ಬರುವ ಮಾತೇ ಎತ್ತಲಿಲ್ಲವಂತೆ. ನೀವು ಅಂದದ್ದು 'ಗಾಡಿಯ ಸಹವಾಸ ಬಿಟ್ಟರೆ' ಎಂದು. ನಾನು 'ಬಿಡಿಸ್ತೀನಿ' ಎಂದು ಕುಣಿದೆ. ಅಯ್ಯೋ, ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಇನ್ನೊಂದು ವಿಷಯಕ್ಕೂ ನಾಚಿಕೆ. ಮೇಲೆ ಬ್ರೇಕಿನ ಗಾಳಿ ತೆಗೆಯುವುದನ್ನು ನಿಮಗೆ ಟೀಚರಿನ ಹಾಗೆ ವಿವರಿಸಿದೆನಲ್ಲ! ಅದನ್ನು ಓದಿ ಇವರು ಈಗಷ್ಟೇ ಹೇಳಿದರು: ಮಾವನವರು ಕೆಳಗೆ ಮಲಗಿದರೆ ಪೆಡಲ್ ಒತ್ತುತ್ತಿದ್ದವರು ನೀವೇ ಅಂತೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೀನಿ, ಬೇಗ ಮುಗಿಸಿ ಅನ್ನುತ್ತಿದ್ದಿರಂತೆ. "ಒತ್ತು ಭಾಗೀ, ಹಿಡಿ, ಬಿಡು" ಎಂದು ಕೆಳಗಿನಿಂದ ದನಿ ಬರುತ್ತಿತ್ತಂತೆ. ಇವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಅಪ್ಪನ ಮುಖ ಮಸುಕಾಗ್ತಾ ಬಂದಿದೆ ಪ್ರಭಾ. ಗಾಡಿ ಕೆಳಗಿಂದ ಬರ್ತಿದ್ದ ಆ ದನಿ ಮಾತ್ರ ಹಂಗೇ ಇದೆ. ಅಲ್ಲಿ ಮಲಗಿದ್ರೆ ಕೇಳುತ್ತೆ." ಇದನ್ನು ನಿಮಗೆ ಯಾವತ್ತೂ ಹೇಳಿಲ್ಲವಂತೆ. ಅಮ್ಮನ ಮುಂದೆ ಅಪ್ಪನ ಹೆಸರು ಎತ್ತಲು ಹೆದರಿಕೆಯಂತೆ.

ಅತ್ತೆ, ನಿಮ್ಮ ಹೆದರಿಕೆ ತಪ್ಪೆಂದು ಹೇಳಲು ನಾನು ಯಾರು? ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ. ನಿಮ್ಮ ಮಗ ಬರೀ ಜಾಕ್ ನಂಬಿ ಒಂದು ದಿನವೂ ಕೆಳಗೆ ಹೋಗಿಲ್ಲ. ಎರಡು ಕಡೆಯೂ ಮರದ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸುತ್ತಾರೆ. ಆಮೇಲೆ ಗಾಡಿಯನ್ನು ಭುಜ ಕೊಟ್ಟು ಅಲ್ಲಾಡಿಸುತ್ತಾರೆ. ಅದು ಮಿಸುಕದಿದ್ದರೆ ಮಾತ್ರ ಕೆಳಗೆ. "ಇಂಜಿನಿಯರಿಗೆ ಜೀವದ ಮೇಲೆ ಭಾರೀ ಆಸೆ" ಎಂದು ಕಾಸಿಂ ಕುಂಞಿ ತಮಾಷೆ ಮಾಡುತ್ತಿದ್ದರು. ಏಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ನಾನೂ ಹೋಗಿ ಭುಜ ಕೊಟ್ಟು ನೋಡುತ್ತೇನೆ. ನನ್ನ ಭುಜಕ್ಕೆ ಸೈಕಲ್ಲೂ ಅಲ್ಲಾಡುವುದಿಲ್ಲ, ಆದರೂ ನೋಡುತ್ತೇನೆ.

ಏನೆಂದು ಬರೆಯಲಿ ಎಂದು ಇವರನ್ನು ಕೇಳಿದೆ. "ಇದ್ದದ್ದನ್ನ ಇದ್ದ ಹಾಗೆ ಬರಿ. ಅಮ್ಮನಿಗೆ ಸುಳ್ಳು ಆಸೆ ಬೇಡ" ಎಂದು ಪೇಪರ್ ಹಿಡಿದುಕೊಂಡರು. ಪುಟ ಮಾತ್ರ ತಿರುಗಲಿಲ್ಲ.

ಅದಕ್ಕೇ ಇದ್ದದ್ದನ್ನು ಬರೆದಿದ್ದೇನೆ. ಇವರು ಗಾಡಿ ಬಿಟ್ಟಿಲ್ಲ. ನಾನು ಬಿಡಿಸಲಾರೆ. ಬಿಡಿಸಬೇಕೆಂಬ ಮನಸ್ಸೂ ನನಗಿಲ್ಲ, ಅದನ್ನು ಮುಚ್ಚಿಟ್ಟು ಒಳ್ಳೆಯ ಸೊಸೆ ಎನಿಸಿಕೊಳ್ಳಲಾರೆ. ಆದರೂ ನೀವು ಬನ್ನಿ. ಕ್ಯಾರವಾನಿನ ಒಳಗೆಲ್ಲ ನಿಮಗಾಗಿ ಹಳದಿ ಬಣ್ಣ ಬಳಿದಿದ್ದೇವೆ. ನೀವು ಗಾಡಿಯ ಹತ್ತಿರ ಸುಳಿಯುವುದೇ ಬೇಡ. ಬಾಲ್ಕನಿಯಲ್ಲಿ ಕುಳಿತು ನನ್ನ ಸಾರು ಸರಿಯಿಲ್ಲ ಎಂದು ಬೈಯುತ್ತಿದ್ದರೂ ಸಾಕು. ನಿಮ್ಮನ್ನು ಮದುವೆ ಮನೆಯ ಗಲಾಟೆಯಲ್ಲಿ ನೋಡಿದ್ದು ಬಿಟ್ಟರೆ ನಾನಿನ್ನೂ ನೋಡೇ ಇಲ್ಲ.

ನಿಮ್ಮ ಬೈಗುಳಕ್ಕೂ ಆಶೀರ್ವಾದಕ್ಕೂ ಸಮಾನವಾಗಿ ಕಾದಿರುವ,
ನಿಮ್ಮ ಸೊಸೆ
ಚಂದ್ರಪ್ರಭಾ

ತಾ. ಕ.: ಶುಕ್ರವಾರ, 23ನೇ ತಾರೀಖು. ಊರಿಗೆ ಹೊರಟಿರುವ ಖತೀಜಮ್ಮನ ಕೈಯಲ್ಲಿ ಕಳಿಸೋಣವೆಂದು ಪತ್ರವನ್ನು ಇಟ್ಟುಕೊಂಡಿದ್ದೆ. ಮೇಲೆ ಬರೆದದ್ದರಲ್ಲಿ ಒಂದು ಸಾಲು ಇವತ್ತು ಸುಳ್ಳಾಯಿತು. ಬೆಳಿಗ್ಗೆ ಇವರು ಗ್ಯಾರೇಜಿನ ಹಳೇ ಬಟ್ಟೆ ತೊಡಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಸುಮ್ಮನೆ ಕುಳಿತಿದ್ದರು. ಕರೆಯಲು ಬಂದ ಕಾಸಿಂ ಕುಂಞಿಯ ಕೈಗೆ ಪಿಕಪ್ಪಿನ ಕೀಲಿಕೈ ಹಾಕಿ, ಯಾರು ಕೇಳಿದರೂ ಕೊಟ್ಟುಬಿಡಿ ಎಂದರು. ನಾನು ಜಗಳ ಆಡಿದೆ. ಮದುವೆಯಾದ ಮೇಲೆ ನಮ್ಮ ಮೊದಲ ಜಗಳ, ಅತ್ತೆ. ಅದಕ್ಕೆ ಇವರು, "ಮನೆಗೆ ಬಂದ ಸೊಸೆ ಅತ್ತೆಗೆ ಕೊಟ್ಟ ಮೊದಲ ಮಾತು ಕಣೇ. ಅರ್ಥ ತಪ್ಪಿರಬಹುದು, ಮಾತು ಮಾತೇ. ಅದು ಹುಸಿಯಾಗ್ಬಾರ್ದು" ಎಂದರು. ಈ ಪತ್ರ ಹರಿದು ಹಾಕು ಎಂದೂ ಹೇಳಿದರು. ಹರಿದಿಲ್ಲ.

ಹಾಗಾಗಿ ಇವರು ಗಾಡಿ ಬಿಟ್ಟಿದ್ದಾರೆ. ನೀವೀಗ ಬರಲೇಬೇಕು. ಬಂದ ಮೇಲೆ ಒಂದು ಸಲ ಇವರ ಎದುರು ನಿಂತು, "ಗಾಡಿ ಬಿಡೋ ಗೋಪಾಲ" ಅನ್ನಿ. ಯಾವ ಅರ್ಥದಲ್ಲಿ ಎಂದು ನಾನು ಕೇಳುವುದಿಲ್ಲ. ನಿಮ್ಮ ದನಿಯಲ್ಲೇ ಇವರಿಗೆ ತಿಳಿಯುತ್ತದೆ. ಕಾಸಿಂ ಕುಂಞಿ ಗಾಡಿಯನ್ನು ಯಾರಿಗೂ ತೋರಿಸುವುದಿಲ್ಲವಂತೆ. "ದೊಡ್ಡಮ್ಮ ಬಂದು ಎಂಥ ಹೇಳ್ತಾರೆ ಅಂತ ನೋಡಿ ಮಾರುವ" ಎಂದಿದ್ದಾರೆ. ಅವತ್ತು ಅವರನ್ನು ಕೀಲಿಕೈ ಸಮೇತ ಬಾಗಿಲ ಹೊರಗೇ ನಿಲ್ಲಿಸಿಕೊಂಡಿರುತ್ತೇನೆ.